ಹತ್ತು ಮೀಟರಿನ ಎರಡನೆಯ ಬಾಟಲಿ

ಫ್ರಿಜ್ಜಿನ ಮೂರನೆಯ ಹಲಗೆ ಯಾರದು ಎಂಬ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಒಂದು ಗೇಣು ನೆಲಕ್ಕಾಗಿ ರಾಜ್ಯಗಳು ಹೋಗಿವೆ, ಒಂದು ಕಿಟಕಿಯ ಸಲುವಾಗಿ ಅಣ್ಣತಮ್ಮಂದಿರು ಸಾಯುವವರೆಗೆ ಮಾತು ಬಿಟ್ಟಿದ್ದಾರೆ. ಕಡಲ ದಂಡೆಯ ಪ್ರಯೋಗಾಲಯದ ನೆಲಮಹಡಿಯಲ್ಲಿ, ಬಾಗಿಲ ರಬ್ಬರು ಸಡಿಲಾಗಿ ಹಗಲಿಡೀ ಗೊರಕೆ ಹೊಡೆಯುತ್ತಿದ್ದ ಆ ಬಿಳಿ ಫ್ರಿಜ್ಜಿನ ವಿಷಯವೂ ಅಷ್ಟೇ ತೂಕದ್ದು ಎಂದು ಅಲ್ಲಿ ಕೆಲಸ ಮಾಡುವವರೆಲ್ಲ ನಂಬಿದ್ದರು. ಅದಕ್ಕಾಗಿ ಒಂದು ಸಭೆಯೇ ನಡೆದಿತ್ತು. ಮೇಲಿನ ಎರಡು ಹಲಗೆ ಜೀವ ಇರುವುದಕ್ಕೆ, ಕೆಳಗಿನ ಎರಡು ಜೀವ ಹೋದದ್ದಕ್ಕೆ ಎಂದು ತೀರ್ಮಾನವಾಯಿತು. ನಡುವಿನದರ ಬಗ್ಗೆ ಮಾತು ಬರುವ ಹೊತ್ತಿಗೆ ಡೈರೆಕ್ಟರಿಗೆ ಫೋನ್ ಬಂತು.

ಹೀಗಾಗಿ ಒಂದು ಬೆಳಿಗ್ಗೆ, ಅಲ್ಲಿ ಕಡಲ ನೀರು ಅಳೆಯುವ ಅವಳು ಫ್ರಿಜ್ಜು ತೆಗೆದಾಗ, ಮೂರನೆಯ ಹಲಗೆಯಲ್ಲಿ ತನ್ನ ಬಾಟಲಿಗಳ ಮುಂದೆ ಒಂದು ಅಗಲ ಬಾಯಿಯ ಜಾಡಿ ಕೂತಿತ್ತು. ಒಳಗೆ ಮಬ್ಬು ನೀರು, ನೀರಿನಲ್ಲಿ ಸಾಸಿವೆಗಿಂತ ಸಣ್ಣವು ಏನೋ ತಡವರಿಸುತ್ತಿದ್ದವು. ಜಾಡಿಗೆ ಅಂಟಿಸಿದ ಚೀಟಿಯಲ್ಲಿ ಹೀಗೆ ಬರೆದಿತ್ತು: ‘ದಯವಿಟ್ಟು ಅಲುಗಾಡಿಸಬೇಡಿ. ಊಟ ಮಾಡುತ್ತಿದ್ದಾರೆ.’

ಅವಳು ಜಾಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಅಲುಗಾಡಿಸದೆ, ಕಾರಿಡಾರಿನ ತುದಿಯ ಕೋಣೆಗೆ ಹೋದಳು.

ಅಲ್ಲಿ ಹೊಸದಾಗಿ ಬಂದವನು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತಿದ್ದ. ಎಡಗೈಯಲ್ಲಿ ಟಿಕ್ ಟಿಕ್ ಎನ್ನುವ ಎಣಿಕೆಯ ಗುಂಡಿ. ತಲೆ ಎತ್ತದೆ ಬಲಗೈಯ ಒಂದು ಬೆರಳು ಮೇಲೆತ್ತಿದ.

“ಒಂದ್ನಿಮಿಷ. ಎಣಿಸ್ತಿದೀನಿ. ಈಗ ಮಾತಾಡಿದ್ರೆ ಮೊದಲಿಂದ ಶುರು ಮಾಡ್ಬೇಕು.”

ಅವಳು ನಿಂತಳು. ಅವನ ಕತ್ತಿನ ಹಿಂದೆ ಅಂಗಿಯ ಲೇಬಲ್ ಹೊರಗೆ ಬಂದಿತ್ತು. ಕಿವಿಯ ಮೇಲೆ ಒಂದು ಪೆನ್ಸಿಲ್.

ಕೊನೆಗೆ ಅವನು ತಿರುಗಿದ. ಮೈಕ್ರೋಸ್ಕೋಪ್ ಒತ್ತಿ ಒತ್ತಿ ಒಂದು ಕಣ್ಣಿನ ಸುತ್ತ ಕೆಂಪು ಬಳೆ ಮೂಡಿತ್ತು. ಆ ಕಣ್ಣು ಹತ್ತಿರದ್ದನ್ನು ನೋಡಿ ರೂಢಿಯಾದದ್ದು, ಇನ್ನೊಂದು ಅರ್ಧ ಮುಚ್ಚಿದ್ದು. ಎರಡನ್ನೂ ಹೊಂದಿಸಿಕೊಂಡು ಅವಳ ಮುಖಕ್ಕೆ ತರಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಬಂದ ಮೇಲೆ ಬೇಗ ತೆಗೆಯಲಿಲ್ಲ.

“ನಿಮ್ಮ ಜನ ನನ್ನ ಹಲಗೆ ಮೇಲೆ ಊಟ ಮಾಡ್ತಿದಾರೆ,” ಅಂದಳು.

“ನಿಮ್ಮ ಹಲಗೆ ಅಂತ ಎಲ್ಲಿ ಬರೆದಿದೆ?”

“ಪಕ್ಕದಲ್ಲೇ ನಾನು ವಿಷ ಇಟ್ಟಿದೀನಿ. ಒಂದು ಹನಿ ಬಿದ್ರೆ ಅದೇ ಅವರ ಕೊನೇ ಊಟ.”

ಅವನು ಎದ್ದು ಬಂದು ಜಾಡಿಯನ್ನು ಇಸಿದುಕೊಂಡ. “ಹಾಗಾದ್ರೆ ನೀವೇ ಬಾಟಲಿ ಮೇಡಂ. ಹೇಳಿದ್ರು, ಅವರ ಹತ್ರ ಹುಷಾರಾಗಿರು ಅಂತ.”

“ನೀವು ಹುಳದ ಮೇಷ್ಟ್ರು.”

“ಮೇಷ್ಟ್ರಾ? ನಾನು ಒಂದು ದಿನಾನೂ ಪಾಠ ಮಾಡಿಲ್ಲ.”

“ಇಲ್ಲಿ ಹೆಸರಿಡೋರು ಅದನ್ನೆಲ್ಲ ವಿಚಾರಿಸಲ್ಲ,” ಎಂದು ಅವಳು ಹೊರಟಳು.

ಅವರ ಪರಿಚಯವಾದದ್ದು ಹೀಗೆ. ಸಾಮಾನ್ಯವಾಗಿ ಇಂಥ ಕಡೆ ಎದೆ ಹೊಡೆದುಕೊಳ್ಳಬೇಕು. ಅವಳ ಎದೆ ಎಂದಿನ ಹಾಗೆ, ಡಾಕ್ಟರು ಮೆಚ್ಚುವ ಹಾಗೆ ನಡೆಯುತ್ತಿತ್ತು.

ಅವರಿಬ್ಬರ ಕೆಲಸವೂ ಒಂದೇ ಪ್ರಶ್ನೆಯ ಎರಡು ತುದಿ. ಕಡಲು ಗಾಳಿಯಿಂದ ಕಾರ್ಬನ್ ಒಳಗೆ ಎಳೆದುಕೊಳ್ಳುತ್ತಿದೆಯೋ, ಹೊರಗೆ ಬಿಡುತ್ತಿದೆಯೋ? ನೀರಿನ ಮೇಲ್ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಿಡಗಳು ಬಿಸಿಲಲ್ಲಿ ಕಾರ್ಬನ್ ತಿಂದು ಬೆಳೆಯುತ್ತವೆ. ನೀರಲ್ಲಿ ಅದು ಕಡಿಮೆಯಾದಷ್ಟೂ ಗಾಳಿಯಿಂದ ಹೊಸದು ಇಳಿಯುತ್ತದೆ. ಗಿಡಗಳನ್ನು ಸಣ್ಣ ಪ್ರಾಣಿಗಳು ಮೇಯುತ್ತವೆ. ಅವು ಉಸಿರಾಡಿ ಒಂದಿಷ್ಟನ್ನು ವಾಪಸು ಕೊಡುತ್ತವೆ, ಉಳಿದದ್ದರಲ್ಲಿ ಸ್ವಲ್ಪ ಅವುಗಳ ಹಿಕ್ಕೆಯ ಜೊತೆ ಕತ್ತಲ ಆಳಕ್ಕೆ ಬೀಳುತ್ತದೆ. ಮೇಷ್ಟ್ರ ಪಾಂಡಿತ್ಯ ಮುಖ್ಯವಾಗಿ ಈ ಹಿಕ್ಕೆಯದು.

“ಈ ಗಾಳಿ ಇನ್ನೂ ಇಷ್ಟರ ಮಟ್ಟಿಗಾದ್ರೂ ಇರೋದಕ್ಕೆ ಕಾರಣಗಳ ಪಟ್ಟಿ ಮಾಡಿದ್ರೆ, ಹಿಕ್ಕೆ ತುಂಬಾ ಮೇಲೆ ಬರುತ್ತೆ ಮೇಡಂ,” ಅನ್ನುತ್ತಿದ್ದ, ಊಟದ ಹೊತ್ತಿನಲ್ಲೇ. “ಯಾರೂ ಅದಕ್ಕೊಂದು ಪ್ರತಿಮೆ ಮಾಡಿಲ್ಲ.”

“ಮಾಡಿ ಎಲ್ಲಿಡ್ತೀರಾ?”

“ಮೂರನೇ ಹಲಗೆ ಮೇಲೆ.”

ಅವಳ ಕೆಲಸ ಅಳೆಯುವುದು. ದೋಣಿಯಲ್ಲಿ ಹೋಗಿ ಬೇರೆ ಬೇರೆ ಆಳದ ನೀರನ್ನು, ಪ್ರತಿ ಆಳಕ್ಕೂ ಎರಡು ಗಾಜಿನ ಬಾಟಲಿಯಂತೆ, ಒಂದು ಗುಳ್ಳೆಯೂ ಸೇರದ ಹಾಗೆ ತುಂಬಬೇಕು. ಆದರೆ ಬಾಟಲಿಯೊಳಗೆ ಬಂದ ಮಾತ್ರಕ್ಕೆ ನೀರಿನಲ್ಲಿರುವ ಜೀವಗಳು ಸುಮ್ಮನಿರುವುದಿಲ್ಲ. ತಿನ್ನುತ್ತಲೇ ಇರುತ್ತವೆ, ಉಸಿರಾಡುತ್ತಲೇ ಇರುತ್ತವೆ. ಯಂತ್ರಕ್ಕೆ ಹಾಕುವ ಹೊತ್ತಿಗೆ ಬರುವ ಅಂಕಿ ಕಡಲಿನದಾಗಿ ಉಳಿದಿರುವುದಿಲ್ಲ. ಅದಕ್ಕೇ ಮುಚ್ಚಳ ಹಾಕುವ ಮೊದಲು ಪಾದರಸದ ಲವಣದ ಒಂದು ಹನಿ ಬಿಡಬೇಕು. ಎಲ್ಲವೂ ಅಲ್ಲಿಗೇ ನಿಲ್ಲುತ್ತದೆ. ಈ ಕೆಲಸದಲ್ಲಿ ಅವಳ ಕೈ ಒಮ್ಮೆಯೂ ತಪ್ಪಿರಲಿಲ್ಲ. ಬೇರೆ ಊರುಗಳ ಪ್ರಯೋಗಾಲಯದವರು ತಮ್ಮ ಅಂಕಿಗಳನ್ನು ಅವಳ ಅಂಕಿಗಳ ಪಕ್ಕ ಇಟ್ಟು ನೋಡಿಕೊಂಡು ಸಮಾಧಾನಪಡುತ್ತಿದ್ದರು.

ಕೈ ತಪ್ಪದಿರುವುದಕ್ಕೆ ಒಂದು ಅನುಕೂಲವೂ ಇತ್ತು. ಅಮ್ಮ ಬಹಳ ದಿನ ಹಾಸಿಗೆ ಹಿಡಿದು, ಅವಳ ಕೈಯಲ್ಲೇ ಸೇವೆ ಮಾಡಿಸಿಕೊಂಡು, ಎರಡು ವರ್ಷದ ಹಿಂದೆ ತೀರಿಕೊಂಡಿದ್ದರು. ಅವಳು ಅಳುತ್ತಾಳೆಂದು ಎಲ್ಲರೂ ಕಾದರು. ಕೆಲವರು ಕರವಸ್ತ್ರ ಕೈಯಲ್ಲೇ ಹಿಡಿದಿದ್ದರು. ಅವಳಿಗೆ ಅಳು ಬರಲಿಲ್ಲ. ನಾಳೆ ಬರಬಹುದು ಎಂದುಕೊಂಡಳು. ಆಮೇಲೆ ಅದರ ದಾರಿ ನೋಡುವುದನ್ನೂ ಬಿಟ್ಟಳು. ಅಳುವಿನ ಜೊತೆಗೆ ಹೋಗಬಾರದ ಕೆಲವು ಸಾಮಾನುಗಳೂ ಹೋಗಿದ್ದವು: ಸಿಟ್ಟು, ಬೇಜಾರು, ಭಾನುವಾರದ ಖುಷಿ, ಹಸಿವು. ಗಡಿಯಾರ ನೋಡಿ ಉಣ್ಣುತ್ತಿದ್ದಳು. ಯಾರು ಏನು ಕೇಳಿದರೂ ‘ಆಯ್ತು’ ಅನ್ನುತ್ತಿದ್ದಳು. ಇಂಥವರನ್ನು ಜನ ತುಂಬ ಹೊಂದಿಕೊಂಡು ಹೋಗುವವಳು ಎಂದು ಹೊಗಳುತ್ತಾರೆ.

ಅಕ್ಕ ಒಂದು ಸಂಬಂಧ ತಂದದ್ದು ಆ ಹೊಗಳಿಕೆಯ ಕಾಲದಲ್ಲೇ.

“ನೋಡೇ, ಹಲ್ಲಿನ ಡಾಕ್ಟ್ರು. ಸ್ವಂತ ಕ್ಲಿನಿಕ್ ಇದೆ. ಸಿಡುಕಲ್ಲ, ಕುಡಿಯಲ್ಲ, ಗಟ್ಟಿಯಾಗಿ ಮಾತೂ ಆಡಲ್ಲ. ಏನಂತೀಯ?”

“ಆಯ್ತು.”

“ಅಂಗಡಿಲಿ ಪ್ಯಾಕ್ ಮಾಡಿ ಅಂದ ಹಾಗೆ ಹೇಳ್ಬೇಡ್ವೇ.”

“ಒಪ್ಕೊಂಡಳಲ್ಲ, ಬಿಡೆ,” ಎಂದರು ಭಾವ, ಪೇಪರಿನ ಹಿಂದಿನಿಂದ. “ನೀನು ನನ್ನ ಒಪ್ಕೊಳ್ಳುವಾಗ ಇಷ್ಟೂ ಬಾಯಿ ಬಿಟ್ಟಿರಲಿಲ್ಲ.”

“ಅದಕ್ಕೇ ಈಗ ಅನುಭವಿಸ್ತಿದೀನಿ.”

ಹಲ್ಲಿನ ಡಾಕ್ಟರು ಬಂದರು, ಕಾಫಿ ಕುಡಿದರು. ಒಳ್ಳೆಯ ಮನುಷ್ಯ. ಎದುರಿಗಿದ್ದವರ ಬಾಯನ್ನು ನೋಡುತ್ತ ಮಾತಾಡುವ ಅಭ್ಯಾಸವೊಂದನ್ನು ಬಿಟ್ಟರೆ ದೋಷ ಹೇಳುವ ಹಾಗಿರಲಿಲ್ಲ.

“ನೀವು ಪಾದರಸ ಬಳಸ್ತೀರಂತೆ,” ಅಂದರು. “ನಮ್ಮವರೂ ಹಲ್ಲು ತುಂಬೋದಕ್ಕೆ ಅದನ್ನೇ ಹಾಕ್ತಿದ್ರು. ಒಂದೇ ಕುಲದವರು ನಾವು.”

ಅವಳು ನಗಬೇಕಾದ ಜಾಗದಲ್ಲಿ ನಕ್ಕಳು. ಡಾಕ್ಟರು ಆ ನಗುವನ್ನು ಒಂದು ಗಳಿಗೆ ಪರೀಕ್ಷಿಸಿದ ಹಾಗೆ ನೋಡಿ, ಕಪ್ಪು ಕೆಳಗಿಟ್ಟರು. ಮದುವೆಯ ದಿನ ಗೊತ್ತಾಯಿತು.

ವರ್ಷದಲ್ಲಿ ಒಂದು ಸಲ, ಗಾಳಿ ದಿಕ್ಕು ಬದಲಿಸಿದಾಗ, ಆ ದಂಡೆಯಲ್ಲಿ ತಳದ ತಣ್ಣನೆಯ ನೀರು ಮೇಲೆ ಬರುತ್ತದೆ. ಅದರಲ್ಲಿ ಕಾರ್ಬನ್ನೂ ಹೇರಳ, ಗಿಡಗಳಿಗೆ ಬೇಕಾದ ಗೊಬ್ಬರವೂ ಹೇರಳ. ಕಾರ್ಬನ್ ಗಾಳಿಗೆ ಹಾರಿಹೋಗುತ್ತದೋ, ಅಷ್ಟರೊಳಗೆ ಗಿಡಗಳು ಬೆಳೆದು ಅದನ್ನು ತಿಂದು ಇನ್ನೂ ಬೇಕೆನ್ನುತ್ತವೋ ಎಂಬುದು ಆ ವಾರದಲ್ಲೇ ತೀರ್ಮಾನವಾಗಬೇಕು. ಮೇಷ್ಟ್ರನ್ನು ಕರೆಸಿದ್ದೇ ಆ ವಾರಕ್ಕಾಗಿ. ಅದರ ವರದಿ ಮುಗಿದ ಮೇಲೆ ಅವನು ಉತ್ತರದ ತಣ್ಣನೆ ದಂಡೆಯ ಇನ್ನೊಂದು ಕೇಂದ್ರಕ್ಕೆ ಹೋಗಬೇಕಿತ್ತು.

ಆ ದಿನ ಕಡಲು ಸೊಪ್ಪು ಬೇಯಿಸಿದ ನೀರಿನ ಬಣ್ಣಕ್ಕೆ ತಿರುಗಿತ್ತು. ದೋಣಿಯ ಹಿಂಭಾಗದಲ್ಲಿ ಒಂದು ಕಬ್ಬಿಣದ ಮೇಜು. ಅದರ ಈ ಬದಿಯಲ್ಲಿ ಅವಳ ಬಾಟಲಿಗಳು, ಆ ಬದಿಯಲ್ಲಿ ಅವನ ಬಲೆ. ಬಲೆಯ ತುದಿಯಿಂದ ಹಸಿರು ಲೋಳೆ ಇಳಿಯುತ್ತಿತ್ತು. ಅವನ ಮುಖ ಜಾತ್ರೆಗೆ ಬಂದ ಮಗುವಿನ ಹಾಗಾಗಿತ್ತು.

ಹತ್ತು ಮೀಟರ್ ಆಳದ ನೀರು ಬಂತು. ಅವಳು ಮೊದಲನೆಯ ಬಾಟಲಿ ತುಂಬಿ, ಹನಿ ಬಿಟ್ಟು, ಮುಚ್ಚಿದಳು. ಎರಡನೆಯದು ತುಂಬುತ್ತಿದ್ದಾಗ ಗಾಳಿಗೆ ಕೂದಲ ಎಳೆಯೊಂದು ಬಿಚ್ಚಿಕೊಂಡು ಅವಳ ಕಣ್ಣ ಮೇಲೆ ಅಂಟಿತು.

“ಕೂದಲು,” ಅಂದ ಅವನು.

“ಗೊತ್ತು.”

“ಕಣ್ಣಿಗೆ ಹೋಗ್ತಿದೆ.”

“ಕೈಗವಸಿಗೆ ವಿಷ ತಾಗಿದೆ, ಮುಟ್ಟೋ ಹಾಗಿಲ್ಲ. ಹೋಗ್ಲಿ ಬಿಡಿ.”

“ನಾನು ತೆಗೀಲಾ?”

“ನಿಮ್ಮ ಕೈ ತುಂಬ ಹುಳ.”

ಅವನು ತನ್ನ ಕೈಗಳನ್ನು ನೋಡಿಕೊಂಡ. ಮಾತು ನಿಜವಾಗಿತ್ತು. ಕಿವಿಯ ಮೇಲಿನ ಪೆನ್ಸಿಲನ್ನು ಎರಡು ಬೆರಳ ತುದಿಯಲ್ಲಿ ತೆಗೆದು, ಅದರ ಮೊಂಡು ತುದಿಯನ್ನು ಅಂಗಿಯ ಕಾಲರಿಗೆ ಒರೆಸಿದ. ದೋಣಿ ಏಳುವುದನ್ನೂ ಇಳಿಯುವುದನ್ನೂ ನೋಡಿಕೊಂಡು, ಅದು ಇಳಿದು ಸಮವಾದ ಗಳಿಗೆಯಲ್ಲಿ ಮುಂದೆ ಬಾಗಿದ. ಉಸಿರು ಹಿಡಿದಿದ್ದ. ಗಾಜಿನ ಮೇಲಿನ ಸಣ್ಣ ಪ್ರಾಣಿಯನ್ನು ಸೂಜಿಯಿಂದ ಸರಿಸುವವನ ಹಾಗೆ ಎಳೆಯನ್ನು ಹಣೆಯಿಂದ ಎತ್ತಿ, ಕೆನ್ನೆಯ ಪಕ್ಕದಿಂದ ಒಯ್ದು, ಕಿವಿಯ ಹಿಂದೆ ಬಿಟ್ಟ. ಪೆನ್ಸಿಲ್ ಅಲ್ಲಿ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತಿತು. ಅವನ ಕಣ್ಣಿನ ಸುತ್ತಲಿನ ಕೆಂಪು ಬಳೆಯಲ್ಲಿ ಒಂದು ಕಡೆ ಚರ್ಮ ಸುಲಿದಿರುವುದು ಅವಳಿಗೆ ಕಾಣಿಸಿತು.

“ಕಾಲು ಮುರಿಯದ ಹಾಗೆ ಎತ್ತಿದೀನಿ,” ಅಂದ.

“ಆಯ್ತು,” ಅಂದಳು.

“ಮದುವೆ ಅಂತೆ.”

“ಹೌದು. ಮುಂದಿನ ತಿಂಗಳು.”

“ಹಲ್ಲಿನ ಡಾಕ್ಟ್ರಂತೆ.”

“ಹೌದು.”

“ನನ್ನದೊಂದು ದವಡೆ ಹಲ್ಲು ಹುಳುಕಾಗಿದೆ.”

“ತೋರಿಸ್ಕೊಳ್ಳಿ ಮತ್ತೆ.”

“ಅವರಿಗೆ ತೋರಿಸಲ್ಲ,” ಅಂದ, ಬಲೆಯನ್ನು ನೋಡುತ್ತ.

ಅವಳು ಎರಡನೆಯ ಬಾಟಲಿಯ ಮುಚ್ಚಳ ಕೂರಿಸಿ, ರಬ್ಬರ್ ಬ್ಯಾಂಡ್ ಬಿಗಿದು, ಪೆಟ್ಟಿಗೆಗಿಟ್ಟಳು.

ಸರದಿ ಬಂದು ಆ ಬಾಟಲಿಗಳು ಯಂತ್ರ ಹತ್ತುವ ಹೊತ್ತಿಗೆ ಮೂರು ವಾರ ಕಳೆದಿತ್ತು. ಯಂತ್ರ ನೀರಿಗೆ ಆಮ್ಲ ಬೆರೆಸಿ, ಕಾರ್ಬನ್ನನ್ನೆಲ್ಲ ಗುಳ್ಳೆಯಾಗಿ ಹೊರಡಿಸಿ, ಅಳೆದು ಹೇಳುತ್ತದೆ. ಹತ್ತು ಮೀಟರಿನ ಮೊದಲ ಬಾಟಲಿಯಲ್ಲಿ ಅಂಕಿ ಕಡಿಮೆ. ಗಿಡಗಳು ಚೆನ್ನಾಗಿ ತಿಂದಿದ್ದವು. ಎರಡನೆಯದು ಅದೇ ನೀರು, ಅದೇ ಗಳಿಗೆ. ಅಂಕಿ ಮಾತ್ರ ಎಲ್ಲೋ ಮೇಲೆ. ಅವಳ ಜೋಡಿ ಬಾಟಲಿಗಳ ನಡುವೆ ಅಂಥ ಅಂತರ ಯಾರೂ ಕಂಡಿರಲಿಲ್ಲ. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ, ಆ ವಾರ ಕಡಲು ಕಾರ್ಬನ್ ಎಳೆದುಕೊಂಡಿಲ್ಲ, ಬಿಟ್ಟಿದೆ ಎಂದಾಗುತ್ತಿತ್ತು.

ಅವಳು ಯಂತ್ರವನ್ನು ಪರೀಕ್ಷಿಸಿದಳು. ಯಂತ್ರದಲ್ಲಿ ತಪ್ಪಿರಲಿಲ್ಲ. ಕೈಕಟ್ಟಿಕೊಂಡು ಕೂತಳು. ಹೆದರಿಕೆ ಏನಾದರೂ ಬರುತ್ತದೆಯೇ ಎಂದು ನೋಡಿದಳು. ಬರಲಿಲ್ಲ. ಪೆನ್ಸಿಲಿನ ಮೊಂಡು ತುದಿ ಮಾತ್ರ ನೆನಪಿಗೆ ಬಂತು, ತೀರ ಹತ್ತಿರದಿಂದ.

ಮೇಷ್ಟ್ರು ಬಂದು ಅವಳ ಹೆಗಲ ಹಿಂದಿನಿಂದ ಪರದೆ ನೋಡಿದ.

“ಇದರೊಳಗೆ ಮೂರು ವಾರ ಸಂಸಾರ ನಡೆದಿದೆ,” ಅಂದ. “ತಿಂದಿದಾರೆ, ಉಸಿರಾಡಿದಾರೆ, ಸತ್ತಿದಾರೆ. ವಿಷ ಬಿದ್ದಿಲ್ಲ ಇದಕ್ಕೆ. ಯಾರು ತುಂಬಿದ್ದು?”

“ನಾನು.”

“ನೀವು ಮರೀತೀರಾ? ಯಾವಾಗ...”

ಅಷ್ಟಕ್ಕೆ ನಿಂತ. ಅವನ ಕೈ ತಾನಾಗಿಯೇ ಕಿವಿಯ ಕಡೆ ಹೋಗಿ, ಪೆನ್ಸಿಲ್ ಮುಟ್ಟಿ, ತಪ್ಪು ಮಾಡಿದ ಕೈಯ ಹಾಗೆ ಜೇಬಿಗೆ ಇಳಿಯಿತು. ಕಿವಿ ಕೆಂಪಾಯಿತು, ಮೊದಲು ತುದಿ, ಆಮೇಲೆ ಪೂರ್ತಿ. ಅವಳು ಅದನ್ನು ಉಷ್ಣಮಾಪಕ ನೋಡುವ ಗಮನದಿಂದ ನೋಡಿದಳು.

“ನಾಳೆ ವರದಿಯ ಸಭೆ,” ಅಂದ. “ಈ ಬಾಟಲಿ ಯಾಕೆ ಬಿಟ್ರಿ ಅಂತ ಕೇಳೇ ಕೇಳ್ತಾರೆ. ಮುಚ್ಚಳ ಸಡಿಲ ಇತ್ತು ಅನ್ನಿ.”

“ನನ್ನ ಮುಚ್ಚಳ ಸಡಿಲ ಇರಲ್ಲ.”

“ನಂಗೊತ್ತು. ಅವರಿಗೆ ಹೇಳೋದಕ್ಕೆ.”

“ಅವರಿಗೆ ಅಂತ ಬೇರೆ ಕಡಲು ಇದ್ಯಾ?”

“ಮೇಡಂ, ಮುಂದಿನ ವಾರ ನಿಮ್ಮ ಮದುವೆ. ನಾನು ಹೇಗೂ ಹೋಗೋನು. ಇಲ್ಲಿ ಮಾತು ಕೇಳ್ಬೇಕಾಗಿರೋದು ನೀವು. ಆ ಡಾಕ್ಟ್ರು ಬೇಡ ಅಂತ ನಿಮಗೇ ಅನ್ನಿಸಿದ್ರೆ ಅದು ಬೇರೆ ಮಾತು. ಅನ್ನಿಸಿದ್ಯಾ?”

ಅವಳು ಪ್ರಾಮಾಣಿಕವಾಗಿ ಹುಡುಕಿದಳು. “ಏನೂ ಅನ್ನಿಸಿಲ್ಲ. ಮರೆತಿದೀನಿ, ಅಷ್ಟೇ.”

ಅವನು ಅಲ್ಲಿಂದ ಹೋದ. ಬಾಗಿಲನ್ನು ಬೇಕಾದ್ದಕ್ಕಿಂತ ಮೆಲ್ಲಗೆ ಹಾಕಿಕೊಂಡ.

ಅವಳಿಗೆ ಆ ಸಂಜೆ ಒಂದು ಸಂಗತಿ ಸ್ಪಷ್ಟವಾಯಿತು. ‘ಆಯ್ತು’ ಎಂದು ಹೇಳಿಕೊಂಡೇ ಹಲ್ಲಿನ ಡಾಕ್ಟರ ಮನೆಯಲ್ಲಿ ಇಡೀ ಆಯುಷ್ಯ ಕಳೆಯಬಹುದು. ಕಷ್ಟವೇನೂ ಆಗುವುದಿಲ್ಲ. ಅದಕ್ಕೆ ಮುಚ್ಚಳ ಸಡಿಲ ಇತ್ತು ಎಂಬ ಒಂದು ಮಾತು ಸಾಕು. ನಿಜ ಹೇಳಿದರೆ, ಯಾರದೋ ಪೆನ್ಸಿಲಿಗೆ ಕೈ ಮರೆತವಳು ಇನ್ನೊಬ್ಬರ ಮನೆಗೆ ಹೋಗುವ ಹಾಗಿರಲಿಲ್ಲ. ಅವಳಲ್ಲಿ ಭಾವನೆಗಳು ಉಳಿದಿರಲಿಲ್ಲ, ಆದರೆ ತಪ್ಪು ಅಂಕಿಯನ್ನು ಸರಿ ಎನ್ನುವ ಅಭ್ಯಾಸವೂ ಇರಲಿಲ್ಲ.

ಸಭೆಯಲ್ಲಿ ಎಂದಿನಂತೆ ಚಹಾ, ಎಂದಿನಂತೆ ಒಂದು ತಟ್ಟೆ ಬಿಸ್ಕತ್ತು. ಡೈರೆಕ್ಟರ್ ಮೇಡಂ ಕನ್ನಡಕವನ್ನು ಸರಪಳಿಯಲ್ಲಿ ಕತ್ತಿಗೆ ತೂಗುಹಾಕಿಕೊಂಡಿದ್ದರು. ಕಾರಣ ಗೊತ್ತಾಗುವವರೆಗೆ ಯಾವುದನ್ನೂ ಬಿಡದ ಹೆಂಗಸು. ಗಂಡನೂ ಅದನ್ನು ದೃಢೀಕರಿಸಿದ್ದರು.

“ಹತ್ತು ಮೀಟರಿನ ಎರಡನೇ ಬಾಟಲಿ ಲೆಕ್ಕದಲ್ಲಿಲ್ಲ. ಯಾಕೆ?”

“ವಿಷ ಹಾಕೋದು ಮರೆತೆ.”

ಬಿಸ್ಕತ್ತು ಅಗಿಯುತ್ತಿದ್ದವರು ಅಗಿಯುವುದನ್ನು ನಿಲ್ಲಿಸಿದರು.

“ನೀವಾ? ಯಾಕೆ ಮರೆತ್ರಿ? ಅಲೆ ಇತ್ತಾ?”

“ಇರಲಿಲ್ಲ.”

“ಹುಷಾರಿರಲಿಲ್ವಾ?”

“ಹುಷಾರಾಗಿದ್ದೆ.”

“ಮತ್ತೆ?”

“ಗಮನ ಬೇರೆ ಕಡೆ ಇತ್ತು.”

“ಎಲ್ಲಿ?”

“ಮೇಷ್ಟ್ರ ಪೆನ್ಸಿಲ್ ಮೇಲೆ,” ಅಂದಳು ಅವಳು, ಆಳ ಓದಿ ಹೇಳುವ ದನಿಯಲ್ಲೇ. “ನನ್ನ ಕಣ್ಣಿಗೆ ಬಿದ್ದ ಕೂದಲನ್ನ ಅದರಲ್ಲಿ ಎತ್ತಿ ಕಿವಿ ಹಿಂದೆ ಇಟ್ರು. ಆಮೇಲೆ ನಾನು ಹನಿ ಹಾಕಲಿಲ್ಲ.”

ಮೇಷ್ಟ್ರು ಮೇಜಿನ ಮರದ ಗೆರೆಗಳನ್ನು ಎಣಿಸುತ್ತಿದ್ದ. ಯಾರೋ ಕೆಮ್ಮಿದರು. ಡೈರೆಕ್ಟರ್ ಕನ್ನಡಕ ಏರಿಸಿ ಅವಳನ್ನು ನೋಡಿದರು, ಅವನನ್ನು ನೋಡಿದರು, ಮತ್ತೆ ಕಾಗದ ನೋಡಿದರು.

“ಎರಡನೇ ಬಾಟಲಿ ಕೈಬಿಡಿ. ಮೊದಲನೇದನ್ನು ಒಂಟಿ ಅಳತೆ ಅಂತ ಗುರುತು ಹಾಕಿ ಇಟ್ಕೊಳ್ಳಿ,” ಅಂದರು. “ಮೇಷ್ಟ್ರೇ, ದೋಣಿಗೆ ಪೆನ್ಸಿಲ್ ತರಬಾರದು ಅಂತ ನಿಯಮ ಮಾಡಬೇಕಾ?”

“ಬೇಡ ಮೇಡಂ.”

“ಮುಂದಿನ ವಿಷಯ. ಜನರೇಟರ್.”

ಸಭೆ ಮುಗಿದ ಮೇಲೆ ಅವನು ಕಾರಿಡಾರಿನಲ್ಲಿ ಅವಳ ಹಿಂದೆಯೇ ಬಂದ.

“ಎಲ್ಲರ ಮುಂದೆ ಹೇಳಿಬಿಟ್ರಿ.”

“ಅವರು ಕೇಳಿದ್ರು.”

“ಈಗಲಾದ್ರೂ ಏನಾದ್ರೂ ಅನ್ನಿಸ್ತಿದ್ಯಾ?”

ಅವಳು ಗೋಡೆಗೆ ಒರಗಿ ಯೋಚಿಸಿದಳು. “ಹಸಿವಾಗ್ತಿದೆ,” ಅಂದಳು, ಸ್ವಲ್ಪ ಆಶ್ಚರ್ಯದಿಂದ.

ಅವನು ವಾಪಸು ಹೋಗಿ ಬಿಸ್ಕತ್ತಿನ ತಟ್ಟೆಯನ್ನೇ ಎತ್ತಿಕೊಂಡು ಬಂದ. ಅವಳು ನಿಂತುಕೊಂಡೇ ಒಂದೊಂದಾಗಿ ತಿಂದಳು. ಅವನು ತಟ್ಟೆ ಹಿಡಿದುಕೊಂಡು, ಸದ್ದು ಮಾಡದೆ, ಅಲುಗಾಡದೆ ನಿಂತಿದ್ದ. ಅವಳ ತುಟಿಯ ಅಂಚಿನಲ್ಲಿ ಪುಡಿಯೊಂದು ಅಂಟಿತ್ತು. ಅದನ್ನು ನೋಡಿ, ಕಿಟಕಿ ನೋಡಿ, ಮತ್ತೆ ಅದನ್ನೇ ನೋಡಿದ. ಪೆನ್ಸಿಲ್ ಮುಟ್ಟಲಿಲ್ಲ.

“ನನಗೆ ನಿಮ್ಮ ಮೇಲೆ ಪ್ರೀತಿ ಇದೆ ಅಂತ ಹೇಳಕ್ಕಾಗಲ್ಲ ಮೇಷ್ಟ್ರೇ,” ಅಂದಳು. “ಇದ್ರೂ ಗೊತ್ತಾಗೋ ಸ್ಥಿತಿಲಿ ನಾನಿಲ್ಲ. ಗೊತ್ತಾದ್ರೆ ಹೇಳ್ತೀನಿ.”

“ನನಗಿದೆ. ಎಣಿಸಿ ನೋಡಿದೀನಿ.”

“ಎಷ್ಟು?”

“ಮಧ್ಯ ಮಾತಾಡಿಸ್ತಾನೇ ಇರ್ತೀರಿ. ಪ್ರತಿ ಸಲ ಮೊದಲಿಂದ ಶುರು ಮಾಡ್ತಿದೀನಿ.”

ಅವಳು ಕೊನೆಯ ಬಿಸ್ಕತ್ತನ್ನು ಮುರಿದು ಅವನಿಗೆ ಅರ್ಧ ಕೊಟ್ಟಳು.

ಸಂಜೆ ಕ್ಲಿನಿಕ್ಕಿಗೆ ಹೋದಳು. ಹೊರಗೆ ರೋಗಿಗಳಿದ್ದರು. ಒಳಗೆ ಖಾಲಿ ಇದ್ದದ್ದು ರೋಗಿಯ ಕುರ್ಚಿ ಒಂದೇ. ಅದರಲ್ಲೇ ಅರ್ಧ ಮಲಗಿಕೊಂಡು, ದೀಪದ ಕೆಳಗೆ, ಈ ಮದುವೆ ತನಗೆ ಬೇಡ ಎಂದು ಹೇಳಿದಳು. ಮದುವೆ ಮುರಿಯುವುದಕ್ಕೆ ಅದು ಗಂಭೀರವಾದ ಭಂಗಿಯಾಗಿರಲಿಲ್ಲ.

ಡಾಕ್ಟರು ಮುಖಗವಸು ಕೆಳಗಿಳಿಸಿದರು. “ಬೇರೆ ಯಾರಾದ್ರೂ ಇದಾರಾ?”

“ಇರಬಹುದು. ಖಾತ್ರಿ ಇಲ್ಲ.”

“ಖಾತ್ರಿ ಇಲ್ಲದೇನೇ ನನ್ನ ಬೇಡ ಅಂತೀರಾ?”

“ನಿಮ್ಮ ವಿಷಯದಲ್ಲಿ ಖಾತ್ರಿ ಇದೆ.”

ಅವರು ನಕ್ಕರು. ಚೆನ್ನಾಗಿ ಬರಲಿಲ್ಲ. ಚಕ್ರದ ಸ್ಟೂಲಿನ ಮೇಲೆ ಕೂತು, ಅಭ್ಯಾಸದಂತೆ ಅವಳ ಬಾಯಿಯನ್ನೇ ನೋಡುತ್ತ ಹೇಳಿದರು: “ಮರಗಟ್ಟೋ ಇಂಜೆಕ್ಷನ್ ಕೊಟ್ಟ ಮೇಲೆ ಕೆಲವರು ತಮ್ಮ ಕೆನ್ನೆ ತಾವೇ ಕಚ್ಕೊಂಡಿರ್ತಾರೆ, ಗೊತ್ತೇ ಆಗಲ್ಲ. ಕಾಫಿ ಕುಡಿಯೋಕೆ ಬಂದ ದಿನ ನೀವು ನಕ್ಕಾಗ ನನಗೆ ಆ ಥರ ಕಾಣಿಸ್ತು. ಆದ್ರೂ ಸುಮ್ಮನಿದ್ದೆ. ಮನೆಗೆ ಬಂದ ಮೇಲೆ ಸರಿಹೋಗುತ್ತೆ ಅಂದ್ಕೊಂಡೆ.” ಕೈಗವಸು ಕಳಚುತ್ತ ಮುಂದುವರಿಸಿದರು. “ಆ ಮರಗಟ್ಟಿದ್ದು ಇಳಿಯೋವಾಗ ನೋಯುತ್ತೆ. ಬಿಸಿದು ಕುಡೀಬೇಡಿ, ಆ ಕಡೆ ಅಗೀಬೇಡಿ ಅಂತ ಹೇಳಿ ಕಳಿಸ್ತೀನಿ. ನಿಮಗೇನು ಹೇಳ್ಬೇಕೋ ಗೊತ್ತಿಲ್ಲ.”

“ಕ್ಷಮಿಸಿ.”

“ನಮ್ಮಮ್ಮನಿಗೆ ನಾನು ಹೇಳ್ತೀನಿ. ನಿಮ್ಮ ಅಕ್ಕನಿಗೆ ನೀವೇ ಹೇಳಿ. ಅಷ್ಟು ಧೈರ್ಯ ನನಗಿಲ್ಲ.”

ಅಕ್ಕ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. ಪೆನ್ಸಿಲಿನ ಸಂಗತಿಯೂ ಸೇರಿ ಎಲ್ಲ ಕೇಳಿಸಿಕೊಂಡು ಅದೇ ಪಾತ್ರೆಯನ್ನು ಇನ್ನೊಂದು ಸಲ ಒರೆಸಿದಳು.

“ಯಾರು, ಆ ಹುಳ ಎಣಿಸೋನಾ?”

“ಹೌದು.”

“ಅದಕ್ಕೂ ಸಂಬಳ ಕೊಡ್ತಾರಾ?”

“ಕೊಡ್ತಾರೆ.”

“ಅವನನ್ನ ಮಾಡ್ಕೋತೀಯಾ?”

“ಗೊತ್ತಿಲ್ಲ ಅಕ್ಕ. ಡಾಕ್ಟ್ರು ಮಾತ್ರ ಬೇಡ.”

“ಊರವರಿಗೆಲ್ಲ ಹೇಳಿ ಆಗಿದೆ, ಈಗ ಬೇಡ ಅಂತೀಯಲ್ಲೇ. ನನ್ನ ಮುಖ ಎಲ್ಲಿಟ್ಕೊಳ್ಳಲಿ? ಏನು ಹೇಳಲಿ ಎಲ್ಲರಿಗೂ? ಬೇಡ ಅಂತೆ, ಬೇಡ...”

ಅಕ್ಕನ ಮಾತು ಅಲ್ಲಿಗೆ ನಿಂತಿತು. ಪಾತ್ರೆ ಕೆಳಗಿಟ್ಟು ತಂಗಿ ಕಡೆ ತಿರುಗಿದಳು.

“ಅಮ್ಮ ಹೋದ ಮೇಲೆ ನೀನು ಒಂದನ್ನ ಬೇಡ ಅಂದಿದ್ದು ಇದೇ ಮೊದಲು,” ಅಂದಳು. ಆಮೇಲೆ ಒರೆಸುವ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಭಾವ ಪೇಪರ್ ಮಡಿಸಿಟ್ಟು, ಯಾವ ತಮಾಷೆಯೂ ಹೊಳೆಯದೆ, ತಾವೇ ಎದ್ದು ಮೂರು ಲೋಟ ಕಾಫಿ ಮಾಡಿದರು. ಚೆನ್ನಾಗಿರಲಿಲ್ಲ. ಅವಳು ಅದನ್ನು ಗಮನಿಸಿದಳು.

ತಿಂಗಳ ಕೊನೆಗೆ ಮೇಷ್ಟ್ರು ಹೊರಟ. ಮೈಕ್ರೋಸ್ಕೋಪನ್ನು ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ರೈಲಿನ ಕಿಟಕಿಯ ಪಕ್ಕ ಕೂತಿದ್ದ. ಅವಳು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಳು.

“ಬೇಜಾರಾಗ್ತಿದ್ಯಾ?” ಎಂದ.

“ಇಲ್ಲ.”

“ಪರವಾಗಿಲ್ಲ. ಇಬ್ಬರದ್ದೂ ಸೇರಿಸಿ ನಾನೇ ಪಡ್ತಿದೀನಿ.”

ರೈಲು ಹೊರಟಿತು. ಅವಳು ಕೈ ಎತ್ತಿದಳು. ಕಿಟಕಿಯೊಳಗಿಂದ ಅವನು, ಮೈಕ್ರೋಸ್ಕೋಪ್ ಬೀಳದ ಹಾಗೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದನ್ನು ಬೀಸಿದ. ರೈಲು ಕಣ್ಮರೆಯಾದ ಮೇಲೂ ಅವಳ ಕೈ ಸ್ವಲ್ಪ ಹೊತ್ತು ಮೇಲೆಯೇ ಇತ್ತು. ಯಾರೋ ಅವಳು ಕೂಲಿಯವರನ್ನು ಕರೆಯುತ್ತಿದ್ದಾಳೆಂದು ತಿಳಿದರು.

ಆಮೇಲೆ ಹೋಗಿದ್ದ ಭಾವನೆಗಳು ಯಾವ ಕ್ರಮವನ್ನೂ ಪಾಲಿಸದೆ ವಾಪಸು ಬಂದವು. ಮೊದಲು ಸಿಟ್ಟು, ಬಸ್ಸಿನಲ್ಲಿ ಕಾಲು ತುಳಿದವನ ಮೇಲೆ. ಅವನು ಕ್ಷಮೆ ಕೇಳಿದರೂ ಅವಳು ಇಳಿಯುವವರೆಗೆ ಬೈಯುತ್ತಿದ್ದಳು, ಇಳಿದ ಮೇಲೆ ಮೈ ಹಗುರವಾಗಿತ್ತು. ಕೆಲವು ವಾರದ ನಂತರ, ತರಕಾರಿ ಅಂಗಡಿಯಲ್ಲಿ ಯಾರೋ ಮುದುಕಿ ಟೊಮೆಟೊ ಹಣ್ಣನ್ನು ಹೆಬ್ಬೆರಳಿಂದ ಒತ್ತಿ, ಮೂಸಿ, ಬೇಡವೆಂದು ವಾಪಸಿಟ್ಟಳು. ಅಮ್ಮ ಹಾಗೇ ಮಾಡುತ್ತಿದ್ದರು. ಅವಳು ಈರುಳ್ಳಿ ಮೂಟೆಗಳ ನಡುವೆ ನಿಂತು ಅತ್ತಳು. ಅಂಗಡಿಯವನು ಈರುಳ್ಳಿಯದೇ ತಪ್ಪೆಂದು ತಿಳಿದು ಸ್ಟೂಲು ಕೊಟ್ಟ.

ಸ್ಟೂಲಿನ ಮೇಲೆ ಕೂತುಕೊಂಡೇ ಫೋನ್ ಮಾಡಿದಳು. ಆ ಕಡೆ ಗಾಳಿಯ ಸದ್ದು, ದೋಣಿಯ ಸದ್ದು.

“ಇದೆ,” ಅಂದಳು.

“ಏನು?”

“ಗೊತ್ತಾದ್ರೆ ಹೇಳ್ತೀನಿ ಅಂದಿದ್ನಲ್ಲ ಮೇಷ್ಟ್ರೇ.”

ಆ ಕಡೆ ಯಾರೋ ಅವನನ್ನು ಬಲೆ ಎಳೆಯಲು ಕೂಗುತ್ತಿದ್ದರು.

“ಅಳ್ತಿದೀರಾ?” ಅಂದ.

“ಹೌದು. ತುಂಬಾ ನೋಯ್ತಿದೆ. ಅಮ್ಮಂದು.”

“ಫೋನ್ ಇಡ್ಬೇಡಿ. ನಾನಿದೀನಿ. ಅಳಿ.”

ಅವಳು ಅತ್ತಳು. ಅವನು ಕೇಳಿಸಿಕೊಂಡ. ಅಂಗಡಿಯವನು ಬಂದು ಈರುಳ್ಳಿ ಮೂಟೆಗಳನ್ನು ಒಂದಿಷ್ಟು ದೂರ ಸರಿಸಿದ.

ತಳದ ನೀರು ಮೇಲೆ ಬಂದ ಆ ವಾರ ಆ ಜಾಗದಲ್ಲಿ ಕಡಲು ಗಾಳಿಯಿಂದ ಸ್ವಲ್ಪ ಕಾರ್ಬನ್ ಎಳೆದುಕೊಂಡಿತ್ತು ಎಂದು ವರದಿ ಪ್ರಕಟವಾಯಿತು. ಹಲ್ಲಿನ ಡಾಕ್ಟರು ಒಬ್ಬ ಶಾಲಾ ಶಿಕ್ಷಕಿಯನ್ನು ಮದುವೆಯಾದರು. ಬಾಟಲಿ ಮೇಡಂ ಮೇಷ್ಟ್ರಿದ್ದ ಉತ್ತರದ ಕೇಂದ್ರಕ್ಕೆ ವರ್ಗಾವಣೆ ಕೇಳಿ ಅರ್ಜಿ ಹಾಕಿದಳು. ಮಂಜೂರಾಯಿತು. ಹೋದಳು.